ದೃಶ್ಯಕ್ಕೆ ದೂರ, ಧ್ವನಿಗೆ ಸಾಮೀಪ್ಯ

ಮೊಮ್ಮಗುವಿನ ನಾಮಕರಣದಿಂದ ಅಜ್ಜಿಯ ಸೋಬಾನೆಪದದವರೆಗೆ, ಊರ ದೇವರ ತೇರಿನಿಂದ ಶಾಲೆಯ ವಾರ್ಷಿಕೋತ್ಸವದವರೆಗೆ, ಅಡಕೆ ತೋಟದ ಕೃಷಿಕನ ಅನುಭವದಿಂದ ಅಧ್ಯಾಪಕರ ಗಣಿತಪಾಠದವರೆಗೆ, ಇಂದು ವಿಡಿಯೊ ಆಗಿ ಉಳಿಯದ ಸಂಗತಿ ನಮ್ಮ ನಾಡಿನಲ್ಲಿ ವಿರಳವೆಂದೇ ಹೇಳಬೇಕು. ಅಂಗೈಯಗಲದ ಮೊಬೈಲಿನಲ್ಲಿ ಮೂಡುವ ಈ ಚಿತ್ರಗಳ ನೈರ್ಮಲ್ಯವೂ ವರ್ಣಸಂಪತ್ತೂ ಹಿಂದಿನ ತಲೆಮಾರಿನ ನುರಿತ ಛಾಯಾಗ್ರಾಹಕರಿಗೂ ಸುಲಭವಾಗಿ ದಕ್ಕಿದ್ದವಲ್ಲ. ಆದರೆ ಅದೇ ವಿಡಿಯೊವನ್ನು ಕಣ್ಣು ಮುಚ್ಚಿಕೊಂಡು ಒಮ್ಮೆ ಕೇಳಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ಅಜ್ಜಿಯ ಮುಖದ ಸುಕ್ಕುಗಳನ್ನು ಒಂದೊಂದಾಗಿ ಎಣಿಸುವಷ್ಟು ಚಿತ್ರ ಸ್ಪಷ್ಟವಾಗಿರುವಾಗಲೂ, ಆಕೆ ಹಾಡುತ್ತಿರುವ ಪದದ ಸಾಹಿತ್ಯವು ಫ್ಯಾನಿನ ಸದ್ದಿನಲ್ಲಿ, ಅಡುಗೆಮನೆಯ ಕುಕ್ಕರಿನ ಸೀಟಿಯಲ್ಲಿ, ಗೋಡೆಗಳಿಂದ ಮರಳಿ ಬರುವ ಅನುರಣನದಲ್ಲಿ ಕರಗಿ, ಯಾವ ನುಡಿ ಯಾವುದೆಂದು ತಿಳಿಯದಂತಾಗಿರುತ್ತದೆ. ಚಿತ್ರ ತುಸು ಮಸುಕಾಗಿದ್ದರೆ ನೋಡುವವನು ಸಹಿಸಿಕೊಳ್ಳುತ್ತಾನೆ. ಮಾತು ಅರ್ಥವಾಗದಿದ್ದರೆ ಎರಡು ನಿಮಿಷ ಕಳೆಯುವುದರೊಳಗೆ ಅವನು ಬೇರೆ ಕಡೆಗೆ ತಿರುಗಿಬಿಡುತ್ತಾನೆ.

ಇದಕ್ಕೆ ಪರಿಹಾರವಾಗಿ ಪ್ರತ್ಯೇಕವಾದ ಮೈಕನ್ನು ಬಳಸಬೇಕೆಂಬ ಮಾತು ಈಗ ಸರ್ವವಿದಿತವಾಗಿದೆ. ಆದರೂ ಹಲವರು ಸಾವಿರಾರು ರೂಪಾಯಿ ತೆತ್ತು ಮೈಕನ್ನು ತಂದು, ಅದನ್ನು ಕ್ಯಾಮರಾದ ನೆತ್ತಿಯ ಮೇಲೆಯೇ ಸಿಕ್ಕಿಸಿ, ಮೊದಲಿನಷ್ಟೇ ದೂರದಲ್ಲಿ ನಿಂತು ಚಿತ್ರೀಕರಿಸಿ, ಧ್ವನಿ ಹೆಚ್ಚೇನೂ ಸುಧಾರಿಸಲಿಲ್ಲವೆಂದು ನಿರಾಶರಾಗುವುದುಂಟು. ದೋಷ ಆ ಮೈಕಿನದಲ್ಲ. ಪ್ರತ್ಯೇಕ ಮೈಕಿನ ಮಹತ್ವವು ಅದರ ಬೆಲೆಗಿಂತಲೂ, ಒಳಗಿನ ಯಂತ್ರಕೌಶಲಕ್ಕಿಂತಲೂ ಮಿಗಿಲಾಗಿ, ಅದು ಪ್ರತ್ಯೇಕವಾಗಿದೆ ಎಂಬ ಒಂದೇ ಗುಣದಲ್ಲಿ ಅಡಗಿದೆ. ಕ್ಯಾಮರಾ ಇರುವ ಎಡೆಯಿಂದ ಅದನ್ನು ಬೇರ್ಪಡಿಸಿ, ಮಾತನಾಡುವವನ ಬಾಯಿಯ ಸಮೀಪಕ್ಕೆ ಒಯ್ಯಬಹುದೆಂಬುದೇ ಅದರಿಂದ ಒದಗುವ ಪರಮಲಾಭ. ಈ ತತ್ತ್ವವೊಂದನ್ನು ಮನಗಂಡವನಿಗೆ ಉಳಿದ ವಿವರಗಳೆಲ್ಲ ತಾವಾಗಿಯೇ ಕೈವಶವಾಗುತ್ತವೆ.

ಮೊದಲು ಕಿವಿಗೂ ಮೈಕಿಗೂ ಇರುವ ಅಂತರವನ್ನು ಗಮನಿಸಬೇಕು. ಮದುವೆಯ ಮಂಟಪದಲ್ಲಿ ವಾಲಗ ಮೊಳಗುತ್ತಿರುವಾಗಲೂ, ಮಕ್ಕಳು ಕಿರುಚುತ್ತಿರುವಾಗಲೂ, ಪಕ್ಕದಲ್ಲಿ ಕುಳಿತ ಸೋದರಮಾವ ಹೇಳುವ ಸುದ್ದಿಯನ್ನು ನಾವು ತಪ್ಪಿಲ್ಲದೆ ಗ್ರಹಿಸಬಲ್ಲೆವು. ಎರಡು ಕಿವಿಗಳಿಗೆ ಬೇರೆಬೇರೆಯಾಗಿ ತಲಪುವ ಶಬ್ದಗಳ ಸೂಕ್ಷ್ಮ ವ್ಯತ್ಯಾಸದಿಂದ ದಿಕ್ಕನ್ನು ನಿರ್ಣಯಿಸಿ, ಬೇಕಾದುದನ್ನು ಆಯ್ದುಕೊಂಡು, ಬೇಡವಾದುದನ್ನು ಹಿಂದಕ್ಕೆ ಸರಿಸುವ ಕಾರ್ಯವನ್ನು ಮಿದುಳು ನಮಗೆ ಅರಿವಾಗದಂತೆ ಸದಾ ನಡೆಸುತ್ತಿರುತ್ತದೆ. ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರಿ ಈ ಸಾಮರ್ಥ್ಯವನ್ನು ಕುರಿತು 1953ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಆ ಕ್ಷೇತ್ರದ ಅಡಿಗಲ್ಲಾಗಿವೆ. ಮೈಕಿಗೆ ಇಂಥ ವಿವೇಚನೆಯಿಲ್ಲ. ತನ್ನ ತೆಳುಪೊರೆಯನ್ನು ಕಂಪಿಸುವಂತೆ ಮಾಡಿದ ಗಾಳಿಯ ಅಲೆ ವೇದಘೋಷದಿಂದ ಬಂದಿರಲಿ, ರೆಫ್ರಿಜರೇಟರಿನಿಂದ ಬಂದಿರಲಿ, ಅದು ಎರಡನ್ನೂ ಸಮಭಾವದಿಂದ ವಿದ್ಯುತ್ತನ್ನಾಗಿ ಪರಿವರ್ತಿಸುತ್ತದೆ. ಸ್ಥಳದಲ್ಲಿ ನಿಂತು ಚಿತ್ರೀಕರಿಸುವವನಿಗೆ ಎಲ್ಲವೂ ಚೆನ್ನಾಗಿಯೇ ಕೇಳಿಸಿ, ಮನೆಗೆ ಹೋಗಿ ನೋಡಿದಾಗ ಗದ್ದಲವೇ ಪ್ರಧಾನವಾಗಿರುವುದರ ಕಾರಣ ಇದೇ. ಆದುದರಿಂದಲೇ ಈ ಕಸುಬಿನವರು ಕಿವಿಗೆ ಹೆಡ್‌ಫೋನು ಹಾಕಿಕೊಳ್ಳದೆ ಧ್ವನಿಮುದ್ರಣಕ್ಕೆ ತೊಡಗುವುದಿಲ್ಲ. ಅವರು ಕೇಳಬೇಕಾದದ್ದು ತಮ್ಮ ಕಿವಿಗೆ ಬಿದ್ದುದನ್ನಲ್ಲ, ಮೈಕಿಗೆ ಬಿದ್ದುದನ್ನು.

ಕ್ಯಾಮರಾದ ಅಥವಾ ಮೊಬೈಲಿನ ಒಳಗೇ ಅಳವಡಿಸಿರುವ ಮೈಕು ತಾನಾಗಿ ಕಳಪೆಯೆಂದು ಭಾವಿಸಬೇಕಾಗಿಲ್ಲ. ಸಾಸಿವೆಗಿಂತ ತುಸು ದೊಡ್ಡದಾದ ಆ ಉಪಕರಣ ಬಾಯಿಯ ಹತ್ತಿರವಿದ್ದಾಗ ದೂರವಾಣಿಯ ಸಂಭಾಷಣೆಯನ್ನು ಎಷ್ಟು ಚೆನ್ನಾಗಿ ನಿರ್ವಹಿಸುತ್ತದೆಂಬುದನ್ನು ನಾವು ದಿನವೂ ಬಲ್ಲೆವು. ಅದರ ದುರವಸ್ಥೆಯೆಲ್ಲ ಅದಿರುವ ಸ್ಥಳದಿಂದ ಉಂಟಾದದ್ದು. ಕ್ಯಾಮರಾದ ಮೈಯಲ್ಲೇ ಇರುವುದರಿಂದ ಮಸೂರವನ್ನು ಹೊಂದಿಸುವ ಪುಟ್ಟ ಮೋಟಾರಿನ ಸದ್ದೂ, ಹಿಡಿದ ಬೆರಳುಗಳ ಸರಿದಾಟವೂ ಅದಕ್ಕೆ ಮಾತಿಗಿಂತ ಹತ್ತಿರ. ಇದರ ಮೇಲೆ ಬಹುತೇಕ ಕ್ಯಾಮರಾಗಳಲ್ಲಿ ಧ್ವನಿಯ ಮಟ್ಟವನ್ನು ತಾನಾಗಿಯೇ ಏರಿಳಿಸುವ ಒಂದು ವ್ಯವಸ್ಥೆಯಿರುತ್ತದೆ. ಊಟದ ಪಂಕ್ತಿಯಲ್ಲಿ ಎಲೆಯ ಮೂಲೆ ಬರಿದಾಯಿತೆಂದು ಕಂಡೊಡನೆ ಓಡಿ ಬಂದು ಬೇಡವೆಂದರೂ ಬಡಿಸುವ ಅತ್ಯುತ್ಸಾಹಿಯಂತೆ, ಈ ವ್ಯವಸ್ಥೆಯು ಮಾತಿನ ನಡುವೆ ಒಂದು ಕ್ಷಣ ಮೌನ ಸುಳಿದರೂ ಸಾಕು, ಕೊರತೆಯಾಯಿತೆಂದು ಗ್ರಹಿಸಿ, ಕೋಣೆಯ ಗುಂಯ್‌ಗುಡುವಿಕೆಯನ್ನೆಲ್ಲ ಎತ್ತಿ ತಂದು ತುಂಬುತ್ತದೆ. ಪ್ರತಿ ವಾಕ್ಯದ ಕೊನೆಯಲ್ಲೂ ಗದ್ದಲ ಉಬ್ಬಿ ಬಂದು, ಮಾತು ಮೊದಲಾದೊಡನೆ ಅಡಗುವ ಆ ಅಹಿತಕರ ಉಸಿರಾಟ ಹುಟ್ಟುವುದು ಹೀಗೆ.

ಇನ್ನು ದೂರದ ವಿಚಾರ. ತೆರೆದ ಬಯಲಿನಲ್ಲಿ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂಬ ನಿಯಮವನ್ನು ಶಾಲೆಯಲ್ಲಿ ಓದಿದವರು ಅದರ ಪ್ರಾಯೋಗಿಕ ಫಲವನ್ನು ಮರೆತಿರಬಹುದು. ಬಾಯಿಂದ ಒಂದು ಅಡಿ ದೂರದಲ್ಲಿರುವ ಮೈಕನ್ನು ಎರಡು ಅಡಿಗೆ ಸರಿಸಿದರೆ ಅದಕ್ಕೆ ತಲಪುವ ಧ್ವನಿಯ ತೀವ್ರತೆ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಕಸುಬಿನ ಭಾಷೆಯಲ್ಲಿ 6 ಡೆಸಿಬೆಲ್ ಇಳಿಯಿತೆನ್ನುತ್ತಾರೆ. ನಾಲ್ಕು ಅಡಿಗೆ ಹದಿನಾರರಲ್ಲಿ ಒಂದು, ಎಂಟು ಅಡಿಗೆ ಅರುವತ್ತನಾಲ್ಕರಲ್ಲಿ ಒಂದು. ಆದರೆ ಚಾವಣಿಯ ಫ್ಯಾನೂ, ಬೀದಿಯ ಲಾರಿಯೂ ಮಾಡುವ ಸದ್ದು ಮೈಕು ಎಲ್ಲಿದ್ದರೂ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ಹೀಗೆ ದೂರ ಹೆಚ್ಚಿದಂತೆ ಮಾತು ಕ್ಷೀಣಿಸಿ, ಗದ್ದಲ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಧ್ವನಿಯನ್ನು ಎಷ್ಟೇ ಹಿಗ್ಗಿಸಿದರೂ ಎರಡೂ ಒಟ್ಟಿಗೇ ಹಿಗ್ಗುವುವಾದ್ದರಿಂದ ಅವುಗಳ ಪ್ರಮಾಣ ಬದಲಾಗದು. ಕಣ್ಣಿನ ಯಂತ್ರಕ್ಕೆ ಮಸೂರಗಳ ಸಹಾಯವುಂಟು. ಇದ್ದ ಕಡೆಯಿಂದಲೇ ದೂರದ ಮುಖವನ್ನು ತೆರೆಯ ತುಂಬ ತೋರಿಸಬಲ್ಲ ಜೂಮ್ ಅದಕ್ಕೆ ಸಾಧ್ಯ. ಕಿವಿಯ ಯಂತ್ರಕ್ಕೆ ಅಂಥ ಸೌಕರ್ಯವಿಲ್ಲ. ಅದು ಧ್ವನಿಯ ಬಳಿಗೆ ಕಾಲ್ನಡಿಗೆಯಲ್ಲೇ ಹೋಗಬೇಕು.

ಕೋಣೆಯೊಳಗೆ ಗದ್ದಲದ ಜೊತೆಗೆ ಮತ್ತೊಂದು ವೈರಿಯಿದೆ. ಮಾತು ಬಾಯಿಂದ ನೇರವಾಗಿ ಮೈಕಿಗೆ ಬರುವುದಲ್ಲದೆ, ಗೋಡೆ, ನೆಲ, ತಾರಸಿಗಳಿಗೆ ಬಡಿದು, ಒಂದರ ಮೇಲೊಂದರಂತೆ ತಡವಾಗಿಯೂ ಬಂದು ಸೇರುತ್ತದೆ. ಸಾಧಾರಣ ಕೋಣೆಗಳಲ್ಲಿ ಬಾಯಿಂದ ಒಂದು ಮೀಟರಿನ ಆಸುಪಾಸಿಗೆ, ಹಲವು ವೇಳೆ ಅದಕ್ಕೂ ಮೊದಲೇ, ನೇರ ಧ್ವನಿಗಿಂತ ಮರಳಿದ ಧ್ವನಿಯೇ ಮೇಲುಗೈಯಾಗುತ್ತದೆ. ಇದರ ಪರಾಕಾಷ್ಠೆಯನ್ನು ಕಾಣಬೇಕಾದವರು ವಿಜಾಪುರದ ಗೋಲಗುಮ್ಮಟಕ್ಕೆ ಹೋಗಬೇಕು. ಪಿಸುಮಾತನ್ನೂ ಎದುರು ಗೋಡೆಗೆ ಮುಟ್ಟಿಸಿ, ಒಂದು ಚಪ್ಪಾಳೆಯನ್ನು ಹಲವು ಬಾರಿ ಹಿಂದಿರುಗಿಸುವ ಆ ಗ್ಯಾಲರಿಯಲ್ಲಿ ನಾಲ್ಕು ಮಾರು ದೂರದಿಂದ ಮಾರ್ಗದರ್ಶಕನ ವಿವರಣೆಯನ್ನು ಮುದ್ರಿಸಿದರೆ, ಅವನ ಪ್ರತಿಯೊಂದು ನುಡಿಯೂ ಹಿಂದಿನ ನುಡಿಯ ಪ್ರತಿಧ್ವನಿಯಲ್ಲಿ ಮುಳುಗಿರುತ್ತದೆ. ಅವನ ಎದೆಗೆ ಒಂದು ಪುಟ್ಟ ಮೈಕನ್ನು ಸಿಕ್ಕಿಸಿದರೆ ಮಾತು ಮುಂದೆ, ಗುಮ್ಮಟದ ಗಾಂಭೀರ್ಯ ಹಿಂದೆ, ಎರಡೂ ತಮ್ಮ ತಮ್ಮ ಎಡೆಗಳಲ್ಲಿ ನಿಲ್ಲುತ್ತವೆ.

ಅನುರಣನವನ್ನು ಶಾಸ್ತ್ರೀಯವಾಗಿ ಅಳೆದ ಮೊದಲಿಗನೆಂದರೆ ಅಮೆರಿಕದ ವಾಲೆಸ್ ಸಬೀನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಟ್ಟಡದ ಉಪನ್ಯಾಸ ಮಂದಿರದಲ್ಲಿ ಭಾಷಣಕಾರರ ಮಾತು ಯಾರಿಗೂ ತಿಳಿಯದಂತಾದಾಗ, ಅದನ್ನು ಸರಿಪಡಿಸುವ ಹೊಣೆ 1895ರಲ್ಲಿ ಈ ತರುಣ ಅಧ್ಯಾಪಕನ ಪಾಲಿಗೆ ಬಂತು. ಅಲ್ಲಿ ನುಡಿದ ಒಂದು ಶಬ್ದ ಅಡಗಲು ಸುಮಾರು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಸಬೀನನು ರಾತ್ರಿಯ ನಿಶ್ಶಬ್ದದಲ್ಲಿ ಸಮೀಪದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಅವನ್ನು ಸ್ವಲ್ಪಸ್ವಲ್ಪವಾಗಿ ಹರಡುತ್ತ, ಪ್ರತಿಸಲವೂ ಶಬ್ದ ಅಡಗುವ ಕಾಲವನ್ನು ಅಳೆದು, ಮೃದುವಸ್ತುಗಳು ಧ್ವನಿಯನ್ನು ಹೀರುವ ಪ್ರಮಾಣವನ್ನು ಸೂತ್ರಬದ್ಧಗೊಳಿಸಿದನು. ಆ ಸೂತ್ರವನ್ನು ನಾವು ಕಂಠಸ್ಥ ಮಾಡಬೇಕಾಗಿಲ್ಲ. ಬರಿಯ ಟೈಲ್ಸಿನ ಹಾಲಿಗಿಂತ ಹಾಸಿಗೆ, ಬಟ್ಟೆಯ ಬೀರು, ದಪ್ಪ ಪರದೆಗಳಿರುವ ಮಲಗುವ ಕೋಣೆ ಸಂದರ್ಶನಕ್ಕೆ ಮೇಲೆಂಬುದನ್ನು ನೆನಪಿಟ್ಟರೆ ಸಾಕು. ನೆಲಕ್ಕೊಂದು ಜಮಖಾನೆ, ಚೌಕಟ್ಟಿನ ಹೊರಗೆ ಹಗ್ಗಕ್ಕೆ ಇಳಿಬಿಟ್ಟ ಎರಡು ಕಂಬಳಿ, ಇವು ಎಷ್ಟೋ ಬೆಲೆಬಾಳುವ ಉಪಕರಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ದೂರದಿಂದ ಮುದ್ರಿಸಿದ ಮಾತಿನಲ್ಲಿ ಮೊದಲು ನಷ್ಟವಾಗುವುದು ಯಾವುದು? ಸ್ವರಗಳಲ್ಲ. ಆಕಾರ, ಓಕಾರಗಳ ಶಕ್ತಿ ಬಹುಮಟ್ಟಿಗೆ 1000 ಹರ್ಟ್ಸ್‌ನ ಕೆಳಗಿದ್ದು ಬಲವಾಗಿರುತ್ತದೆ. ಗೋಡೆಗೆ ಬಡಿದರೂ ಬದುಕುತ್ತದೆ. ವ್ಯಂಜನಗಳು ದುರ್ಬಲ, ಕ್ಷಣಿಕ. ಸಕಾರದ ಸೀತ್ಕಾರ 4000 ಹರ್ಟ್ಸ್‌ನ ಮೇಲೆ ಹರಡಿದ್ದು ಅಲ್ಪ ಗದ್ದಲಕ್ಕೂ ಅಳಿಸಿಹೋಗುತ್ತದೆ. ಕನ್ನಡದಲ್ಲಿ ಅರ್ಥದ ಭಾರವನ್ನು ಇಂಥ ಸೂಕ್ಷ್ಮಗಳೇ ಹೊತ್ತಿವೆ. ‘ಕಲೆ’ಗೂ ‘ಕಳೆ’ಗೂ, ‘ತಲೆ’ಗೂ ‘ತಳೆ’ಗೂ ಇರುವ ಭೇದ ನಾಲಗೆಯ ತುದಿಯ ಒಂದು ಮಡಿಕೆಯಷ್ಟು, ಅಲ್ಪಪ್ರಾಣ ಮಹಾಪ್ರಾಣಗಳ ಅಂತರ ಒಂದು ಉಸಿರಿನಷ್ಟು. ಹಳೆಯ ತಲೆಯವರು ಎಷ್ಟು ಶುದ್ಧವಾಗಿ ಉಚ್ಚರಿಸಿದರೂ, ಹತ್ತು ಅಡಿಯಾಚೆಯ ಮೈಕು ಅವರ ಉಚ್ಚಾರಣೆಯನ್ನು ಮೊಂಡು ಮಾಡಿಬಿಡುತ್ತದೆ.

ಈ ಸಮಸ್ಯೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಮಾತಾಡುವ ಚಿತ್ರದಷ್ಟೇ ಹಳೆಯದು. ಅಮೆರಿಕದ ಆರಂಭದ ವಾಕ್ಚಿತ್ರಗಳಲ್ಲಿ ಮೈಕನ್ನು ಹೂದಾನಿಯ ಹಿಂದೆಯೋ ಮೇಜಿನ ದೀಪದ ಮರೆಯಲ್ಲೋ ಅಡಗಿಸಿಡುತ್ತಿದ್ದುದರಿಂದ ನಟರು ಅದರ ಸುತ್ತಲೇ ನಿಂತು ಮಾತಾಡಬೇಕಾಗಿತ್ತು. ನಡೆದರೆ ಧ್ವನಿ ತಪ್ಪಿಹೋಗುತ್ತಿತ್ತು. 1929ರಲ್ಲಿ ‘ದಿ ವೈಲ್ಡ್ ಪಾರ್ಟಿ’ ಎಂಬ ಚಿತ್ರವನ್ನು ನಿರ್ದೇಶಿಸುತ್ತಿದ್ದ ಡೊರೊಥಿ ಅರ್ಜ್ನರ್ ಎಂಬಾಕೆ ಮೈಕನ್ನು ಮೀನು ಹಿಡಿಯುವ ಗಳುವಿಗೆ ಕಟ್ಟಿಸಿ, ನಟಿಯ ತಲೆಯ ಮೇಲೆ ಅವಳೊಂದಿಗೇ ಚಲಿಸುವಂತೆ ಮಾಡಿಸಿದಳೆಂದು ಚಲಚ್ಚಿತ್ರದ ಇತಿಹಾಸಕಾರರು ಹೇಳುತ್ತಾರೆ. ಇಂದಿಗೂ ಚಿತ್ರೀಕರಣದ ಸ್ಥಳಗಳಲ್ಲಿ ಕಾಣುವ ಬೂಮ್ ಎಂಬ ಉದ್ದನೆಯ ಕೋಲು ಆ ಉಪಾಯದ ಸಂತತಿ. ನಮ್ಮಲ್ಲಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಪ್ರಥಮ ವಾಕ್ಚಿತ್ರವಾಗಿ ಕೊಲ್ಲಾಪುರದ ಸ್ಟುಡಿಯೊದಲ್ಲಿ ತಯಾರಾದಾಗ ಹಿನ್ನೆಲೆ ಗಾಯನವೆಂಬುದು ಭಾರತದ ಚಿತ್ರಗಳಿಗೆ ಇನ್ನೂ ಬಂದಿರಲಿಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗಭೂಮಿಯ ಕಲಾವಿದರಿಗೆ, ಹಿಂದಿನ ಸಾಲಿನ ಪ್ರೇಕ್ಷಕನಿಗೂ ಮುಟ್ಟುವ ಕಂಠವಿದ್ದುದು ಆ ಕಾಲದ ಯಂತ್ರಗಳಿಗೆ ದೊಡ್ಡ ಅನುಕೂಲವೇ ಆಗಿದ್ದಿರಬೇಕು. ಮುಂದೆ ಮಾತನ್ನು ಸ್ಟುಡಿಯೊದಲ್ಲಿ ಮರುಮುದ್ರಿಸುವ ಡಬ್ಬಿಂಗ್ ಪದ್ಧತಿ ರೂಢಿಯಾಗಿ ದಶಕಗಳ ಕಾಲ ಉಳಿಯಿತು. ಮಂಡ್ಯ ಸೀಮೆಯ ಹಳ್ಳಿಯಲ್ಲಿ ಅಲ್ಲಿಯ ಜನರಿಂದಲೇ ಅಭಿನಯ ಮಾಡಿಸಿ ರಾಮ್ ರೆಡ್ಡಿಯವರು ನಿರ್ದೇಶಿಸಿದ ‘ತಿಥಿ’ ಚಿತ್ರದಲ್ಲಿ ಮಾತನ್ನು ಸ್ಥಳದಲ್ಲೇ ಮುದ್ರಿಸಲಾಯಿತು. ಆ ಮುದುಕರ ಬೈಗುಳದಲ್ಲಿರುವ ಮಣ್ಣಿನ ಸೊಗಡನ್ನು ಕೇಳಿದವರಿಗೆ, ಸ್ಥಳದಲ್ಲಿ ಹಿಡಿದ ಧ್ವನಿಯ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ದೊಡ್ಡ ಚಿತ್ರಶಾಲೆಗಳ ಸ್ವತ್ತಾಗಿದ್ದ ಉತ್ತಮ ಮೈಕು ಸಾಮಾನ್ಯರ ಕೈಗೆ ಬಂದುದಕ್ಕೆ ಒಂದು ಆವಿಷ್ಕಾರ ಮುಖ್ಯ ಕಾರಣ. 1916ರಲ್ಲಿ ಎಡ್ವರ್ಡ್ ವೆಂಟೆ ರೂಪಿಸಿದ ಕಂಡೆನ್ಸರ್ ಮೈಕು ಅತ್ಯಂತ ಸೂಕ್ಷ್ಮವಾದುದಾದರೂ ಅದರ ಪೊರೆಗೆ ಹೊರಗಿನಿಂದ ಅಧಿಕ ವಿದ್ಯುತ್ತಿನ ಒತ್ತಡ ಒದಗಿಸಬೇಕಾಗಿತ್ತು. 1962ರಲ್ಲಿ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ವಿದ್ಯುದಂಶವನ್ನು ತನ್ನಲ್ಲಿ ಶಾಶ್ವತವಾಗಿ ಹಿಡಿದಿಡುವ ಪ್ಲಾಸ್ಟಿಕ್ ಹಾಳೆಯಿಂದ ಎಲೆಕ್ಟ್ರೆಟ್ ಮೈಕನ್ನು ನಿರ್ಮಿಸಿದರು. ಅದು ಅಗ್ಗ, ಹಗುರ, ಅತಿಚಿಕ್ಕದು. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕಿನ ಹೊಟ್ಟೆಯಲ್ಲಿ ಇಂದಿಗೂ ಸಾಮಾನ್ಯವಾಗಿ ಇರುವುದು ಅದೇ.

ಹೊಸಬನಿಗೆ ಮೊದಲು ಶಿಫಾರಸು ಮಾಡತಕ್ಕದ್ದು ಈ ಕಾಲರ್ ಮೈಕನ್ನೇ. ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುಭಾಗದಲ್ಲಿ ಅದರ ಸ್ಥಾನ. ಕೊರಳ ಬುಡಕ್ಕೆ ತೀರ ಹತ್ತಿರವಾದರೆ ಗಲ್ಲದ ಮರೆಯಲ್ಲಿ ಸಿಕ್ಕಿ ಧ್ವನಿ ಮಂಕಾಗುತ್ತದೆ. ರೇಷ್ಮೆ ಸೀರೆಯುಟ್ಟ ಹಿರಿಯ ಮುತ್ತೈದೆಯೊಬ್ಬರು ಹಸೆಗೆ ಕರೆಯುವ ಹಾಡನ್ನು ಹೇಳಲು ಕುಳಿತಿದ್ದಾರೆಂದುಕೊಳ್ಳೋಣ. ಕರಿಮಣಿಸರವು ಮೈಕಿಗೆ ತಾಗಿದರೆ ತಲೆ ತೂಗಿದಾಗಲೆಲ್ಲ ಟಿಕ್‌ಟಿಕ್ ಎನ್ನುತ್ತದೆ. ಸೆರಗಿನ ಮಡಿಕೆಯೊಳಗೆ ಹುದುಗಿಸಿದರೆ ಉಸಿರೆಳೆದಾಗಲೆಲ್ಲ ರೇಷ್ಮೆ ಸರಸರ ಉಜ್ಜುತ್ತದೆ. ಆದುದರಿಂದ ಸರ ಬೀಳುವ ಸಾಲಿನಿಂದ ಎರಡು ಬೆರಳು ಪಕ್ಕಕ್ಕೆ, ಸೆರಗನ್ನು ಪಿನ್ನು ಹಾಕಿ ಬಿಗಿಗೊಳಿಸಿದ ಅಂಚಿಗೆ ಅದನ್ನು ಸಿಕ್ಕಿಸಿ, ತಂತಿಯನ್ನು ಮೈಕಿನ ಕೆಳಗೇ ಒಂದು ಸಣ್ಣ ಸುತ್ತು ಸುತ್ತಿ ಅದೇ ಕ್ಲಿಪ್ಪಿನಲ್ಲಿ ಹಿಡಿಸಬೇಕು. ತಂತಿ ಎಲ್ಲಾದರೂ ಎಳೆದರೆ ಆ ಎಳೆತ ಸುತ್ತಿನಲ್ಲೇ ಮುಗಿದು ಮೈಕಿಗೆ ಮುಟ್ಟುವುದಿಲ್ಲ. ಹಾಡುವಾಗ ಅವರು ಜೊತೆಗಾತಿಯ ಕಡೆ ಎಡಕ್ಕೆ ತಿರುಗುವ ರೂಢಿಯಿದ್ದರೆ ಮೈಕೂ ಎಡಭಾಗದಲ್ಲೇ ಇರಲಿ. ಗಾಜಿನ ಬಳೆಗಳ ಸದ್ದಿಗೆ ಮಾತ್ರ ಉಪಾಯ ಮೈಕಿನಲ್ಲಿಲ್ಲ. ಕೈಗಳನ್ನು ಮಡಿಲಲ್ಲಿರಿಸಿಕೊಳ್ಳುವಂತೆ ಗೌರವದಿಂದ ಕೇಳಿಕೊಳ್ಳುವುದೇ ಮಾರ್ಗ.

ಕಾಲರ್ ಮೈಕುಗಳಲ್ಲಿ ತಂತಿಯವೂ ಉಂಟು, ತಂತಿಯಿಲ್ಲದವೂ ಉಂಟು. ಈಗ ಎಲ್ಲೆಡೆ ಕಾಣುವ ಅಗ್ಗದ ವೈರ್‌ಲೆಸ್ ಜೋಡಿಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಮನೆಯ ವೈಫೈಯೂ ಬ್ಲೂಟೂತೂ ಅದೇ ಹಾದಿಯಲ್ಲಿ ಸಂಚರಿಸುವುದರಿಂದ ಜನಸಂದಣಿಯಲ್ಲಿ ಧ್ವನಿ ಕಡಿದು ಕಡಿದು ಬರಬಹುದು. ನೀರಿನಿಂದ ತುಂಬಿದ ಮನುಷ್ಯದೇಹ ಆ ತರಂಗಗಳನ್ನು ಹೀರುವುದರಿಂದ, ಮಾತಾಡುವವನು ಬೆನ್ನು ತಿರುಗಿಸಿದರೂ ಸಂಪರ್ಕ ತಪ್ಪುವುದುಂಟು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ನೂರಾರು ಮೀಟರಿನ ಭರವಸೆ ಅಡೆತಡೆಯಿಲ್ಲದ ಬಯಲಿಗೆ ಮಾತ್ರ ಅನ್ವಯಿಸುತ್ತದೆ. ಕುಳಿತು ಮಾತಾಡುವ ಸಂದರ್ಶನಕ್ಕೆ ಚಾರ್ಜಿನ ಚಿಂತೆಯೂ ಇಲ್ಲದ ತಂತಿಯ ಮೈಕೇ ನಿಶ್ಚಿಂತ. ಗದ್ದೆಯ ಬದುವಿನ ಮೇಲೆ ನಡೆಯುತ್ತ ವಿವರಿಸುವ ರೈತನಿಗೆ ತಂತಿಯಿಲ್ಲದ್ದೇ ಯೋಗ್ಯ.

ಎರಡನೆಯ ಬಗೆ, ಶಾಟ್‌ಗನ್ ಎಂದು ಕರೆಯುವ ನೀಳವಾದ ಕೊಳವೆಯ ಮೈಕು. ಅದರ ಪಕ್ಕಗಳಲ್ಲಿ ಸಾಲಾಗಿ ಸೀಳುಗಳಿರುತ್ತವೆ. ಎದುರಿನಿಂದ ಬಂದ ಶಬ್ದ ನೇರವಾಗಿ ಪೊರೆಗೆ ಮುಟ್ಟಿದರೆ, ಪಕ್ಕದಿಂದ ಬಂದುದು ಬೇರೆಬೇರೆ ಸೀಳುಗಳ ಮೂಲಕ ಬೇರೆಬೇರೆ ಹೊತ್ತಿಗೆ ಒಳಹೊಕ್ಕು ತನ್ನನ್ನು ತಾನೇ ಬಹುಪಾಲು ಅಳಿಸಿಕೊಳ್ಳುತ್ತದೆ. ಇದನ್ನು ಕಂಡವರು ದೂರದ ಮಾತನ್ನು ಎಳೆದು ತರುವ ಯಂತ್ರವೆಂದು ಭ್ರಮಿಸುತ್ತಾರೆ. ಅದು ಏನನ್ನೂ ಎಳೆದು ತರುವುದಿಲ್ಲ. ಪಕ್ಕದ್ದನ್ನು ತುಸು ತಗ್ಗಿಸುತ್ತದೆ, ಅಷ್ಟೆ. ಬಸ್ಸಿನ ಇಂಜಿನ್ನಿನಂಥ ತಗ್ಗುಸ್ಥಾಯಿಯ ಗದ್ದಲವನ್ನು ಅದು ತಡೆಯಲಾರದು. ಚಿಕ್ಕ ಕೋಣೆಯಲ್ಲಿ ಎಲ್ಲ ಗೋಡೆಗಳಿಂದಲೂ ಶಬ್ದ ಮರಳುವಾಗ ಅದರ ಲೆಕ್ಕಾಚಾರವೇ ಕೆಟ್ಟು ಧ್ವನಿಗೆ ಟೊಳ್ಳುತನ ಬರುತ್ತದೆ. ಕೋಲಿನ ತುದಿಗೆ ಕಟ್ಟಿ, ಚಿತ್ರದ ಚೌಕಟ್ಟಿನ ಹೊರಗೆ, ತಲೆಯ ಮೇಲಿಂದ ಎರಡು ಅಡಿಯ ಒಳಗೆ, ಎದೆಯ ಕಡೆಗೆ ಬಾಗಿಸಿ ಹಿಡಿದಾಗ ಅದರಷ್ಟು ಸಹಜವಾದ ಧ್ವನಿ ಕಾಲರ್ ಮೈಕಿನಲ್ಲೂ ದೊರೆಯದು. ಇನ್ನು ಜಾತ್ರೆಯ ಸಂದಣಿಯಲ್ಲಿ ನಿಂತು ಮಾತಾಡಿಸುವವರಿಗೆ ವಾರ್ತಾಹರರ ಕೈಯಲ್ಲಿರುವ ಗಟ್ಟಿಮುಟ್ಟಾದ ಕೈಮೈಕೇ ಉತ್ತಮ. ಬಾಯಿಗೆ ಅರ್ಧ ಗೇಣಿನಲ್ಲಿ ಹಿಡಿಯಬೇಕಾದ ಅದರ ನಿಯಮವೇ ಅದರ ಶಕ್ತಿ.

ಸಾಮೀಪ್ಯದ ತತ್ತ್ವವು ಒಂದು ಕಡೆ ಹೇಗೆ ಪರೀಕ್ಷೆಗೊಳಗಾಗುತ್ತದೆಂಬುದಕ್ಕೆ ಕರಾವಳಿ ಮಲೆನಾಡುಗಳ ತಾಳಮದ್ದಳೆಗಿಂತ ಒಳ್ಳೆಯ ನಿದರ್ಶನ ದೊರೆಯದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಮದ್ದಳೆ ಚೆಂಡೆಗಳು, ಎದುರುಬದುರಾಗಿ ಕುಳಿತ ಅರ್ಥಧಾರಿಗಳ ಆಶುವಾದ ವಾದಪ್ರತಿವಾದ, ಇಷ್ಟೇ ಅದರ ಸರ್ವಸ್ವ. ಚಿತ್ರವಿಲ್ಲದೆ ಅದನ್ನು ಸವಿಯಬಹುದು, ಮಾತಿಲ್ಲದೆ ಸವಿಯಲಾಗದು. ಪ್ರೇಕ್ಷಕರಿಗೆ ಅಡ್ಡವಾಗಬಾರದೆಂದು ಸಭಾಂಗಣದ ಕೊನೆಯಲ್ಲಿ, ಸುಮಾರು 17 ಮೀಟರು ದೂರದಲ್ಲಿ, ಸ್ಟ್ಯಾಂಡಿನ ಮೇಲೆ ಕ್ಯಾಮರಾ ನಿಂತಿರುತ್ತದೆ. ಅಲ್ಲಿಗೆ ಬರುವುದು ಅರ್ಥಧಾರಿಯ ಕಂಠವಲ್ಲ, ಲೌಡ್‌ಸ್ಪೀಕರಿನ ಕಂಠ. ಅದೂ ತಗಡಿನ ಮಾಡಿಗೆ ಬಡಿದ ಮೇಲೆ. ಆದರೆ ಪ್ರತಿಯೊಬ್ಬ ಅರ್ಥಧಾರಿಯ ಮುಂದೆಯೂ ಮೈಕ್ ಸೆಟ್ಟಿನವರು ಒಂದೊಂದು ಮೈಕನ್ನು ಈಗಾಗಲೇ ನಿಲ್ಲಿಸಿದ್ದಾರೆ. ಆದುದರಿಂದ ಹೊಸ ಮೈಕನ್ನು ಕೊಳ್ಳುವುದಕ್ಕಿಂತ, ಮಿಕ್ಸರಿನ ಬಳಿ ಕುಳಿತವರೊಂದಿಗೆ ಸ್ನೇಹದಿಂದ ಮಾತಾಡಿ, ಅದರಿಂದ ಒಂದು ತಂತಿಯನ್ನು ಪಡೆದು ಪುಟ್ಟ ರೆಕಾರ್ಡರಿಗೆ ಕೊಡುವುದು ವಿವೇಕ. ಕ್ಯಾಮರಾದ ಮೈಕಿನ ರಂಧ್ರಕ್ಕೆ ಅದನ್ನು ನೇರವಾಗಿ ಚುಚ್ಚಬಾರದು. ಮಿಕ್ಸರಿನಿಂದ ಹೊರಬರುವ ಸಂಕೇತ ಮೈಕಿನದಕ್ಕಿಂತ ನೂರಾರು ಪಟ್ಟು ಪ್ರಬಲವಾದ್ದರಿಂದ ಧ್ವನಿ ಒಡೆದು ಕರ್ಕಶವಾಗುತ್ತದೆ. ರೆಕಾರ್ಡರಿನಲ್ಲಿ ‘ಲೈನ್’ ಎಂಬ ಪ್ರವೇಶವನ್ನು ಆರಿಸಬೇಕು.

ಇಷ್ಟರಿಂದಲೇ ಕಾರ್ಯ ಪೂರ್ಣವಾಗದು. ಮಿಕ್ಸರಿನವರು ಹೊಂದಿಸುವುದು ಸಭೆಯ ಕಿವಿಗೆ. ಚೆಂಡೆ ತನ್ನ ಬಲದಿಂದಲೇ ಸಭೆಯನ್ನು ತುಂಬುವುದರಿಂದ ಅದರ ಮೈಕನ್ನು ಅವರು ತಗ್ಗಿಸಿಡುತ್ತಾರೆ. ಪರಿಣಾಮವಾಗಿ ತಂತಿಯಲ್ಲಿ ಬಂದ ಧ್ವನಿಯಲ್ಲಿ ಚೆಂಡೆ ಬಡವಾಗಿರುತ್ತದೆ, ಮೊನಚು ಮಾತಿಗೆ ಸಭೆ ನಕ್ಕ ನಗೆಯಂತೂ ಇರುವುದೇ ಇಲ್ಲ. ಆಗ ಕ್ಯಾಮರಾದ ಸ್ವಂತ ಮೈಕು ಹಿಡಿದ ಸಭಾಂಗಣದ ಧ್ವನಿಯನ್ನು ಮೆಲ್ಲನೆಯ ಮಟ್ಟದಲ್ಲಿ ಅದರೊಡನೆ ಬೆರೆಸಬೇಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುವುದರಿಂದ 17 ಮೀಟರಿನ ದೂರಕ್ಕೆ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ತಡವಾಗುತ್ತದೆ. ಸೆಕೆಂಡಿಗೆ 25 ಚಿತ್ರಗಳ ವಿಡಿಯೊದಲ್ಲಿ ಇದು ಒಂದು ಚಿತ್ರಕ್ಕಿಂತ ತುಸು ಹೆಚ್ಚು. ಈ ತಡವನ್ನು ಸರಿಹೊಂದಿಸದೆ ಬೆರೆಸಿದರೆ ಪ್ರತಿ ನುಡಿಗೂ ನೆರಳು ಬಿದ್ದು, ಹೊರಗಿಟ್ಟಿದ್ದ ಪ್ರತಿಧ್ವನಿಯನ್ನು ನಾವೇ ಒಳಕ್ಕೆ ಕರೆದಂತಾಗುತ್ತದೆ.

ಚಿತ್ರವೂ ಧ್ವನಿಯೂ ಬೇರೆ ಯಂತ್ರಗಳಲ್ಲಿ ಮುದ್ರಿತವಾದಾಗ ಅವನ್ನು ಕೂಡಿಸುವ ಕ್ರಮ ಸರಳ. ಎರಡನ್ನೂ ಚಾಲೂ ಮಾಡಿದ ಮೇಲೆ ಕ್ಯಾಮರಾದ ಎದುರು ಒಂದು ಚಪ್ಪಾಳೆ ತಟ್ಟಬೇಕು. ಅಂಗೈಗಳು ಕೂಡಿದ ಚಿತ್ರಕ್ಕೂ, ಧ್ವನಿಯ ರೇಖೆಯಲ್ಲಿ ಚಿಮ್ಮಿದ ಶಿಖರಕ್ಕೂ ಗಂಟು ಹಾಕಿದರೆ ತುಟಿಯೂ ಮಾತೂ ಒಂದಾಗುತ್ತವೆ. ಸಂಕಲನದ ತಂತ್ರಾಂಶಗಳು ಈಗ ಎರಡು ಧ್ವನಿಗಳನ್ನು ಹೋಲಿಸಿ ತಾವಾಗಿಯೇ ಇದನ್ನು ಮಾಡುವುದೂ ಉಂಟು. ಯಂತ್ರಗಳ ಗಡಿಯಾರಗಳು ಪರಸ್ಪರ ಪೂರ್ತಿ ಹೊಂದದಿರುವುದರಿಂದ ಒಂದೆರಡು ಗಂಟೆಯ ಪ್ರಸಂಗದ ಕೊನೆಗೆ ಅಲ್ಪ ವ್ಯತ್ಯಾಸ ಕಾಣಿಸಬಹುದು. ಆದುದರಿಂದ ನಡುನಡುವೆ ನಿಲ್ಲಿಸಿ ಮರಳಿ ಚಪ್ಪಾಳೆ ತಟ್ಟುವುದು ಕ್ಷೇಮ.

ಸಣ್ಣವೆಂದು ಕಡೆಗಣಿಸಿ ಜನರು ಕೈಸುಟ್ಟುಕೊಳ್ಳುವ ವಿಷಯಗಳು ಇನ್ನೂ ಕೆಲವಿವೆ. ಒಂದು, ತಂತಿಯ ಮೂತಿ. ಕ್ಯಾಮರಾಕ್ಕೆ ತಕ್ಕ 3.5 ಮಿಲಿಮೀಟರಿನ ಪಿನ್ನಿನಲ್ಲಿ ಎರಡು ಕಪ್ಪು ಬಳೆಗಳಿದ್ದರೆ ಮೊಬೈಲಿಗೆ ತಕ್ಕುದರಲ್ಲಿ ಮೂರಿರುತ್ತವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಚುಚ್ಚಿದರೆ ಯಂತ್ರವು ಮೈಕನ್ನು ಗುರುತಿಸದೆ, ತನ್ನ ಒಳಗಿನ ಮೈಕಿನಿಂದಲೇ ಸದ್ದಿಲ್ಲದೆ ಮುದ್ರಿಸುತ್ತ ಹೋಗಬಹುದು. ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲನೆ ಕೆರೆದು ಹೆಡ್‌ಫೋನಿನಲ್ಲಿ ಅದು ಕೇಳಿಸಿತೇ ಎಂದು ನೋಡಿಕೊಳ್ಳುವುದು ಇದಕ್ಕೆ ಖಚಿತವಾದ ಪರೀಕ್ಷೆ. ಎರಡು, ಧ್ವನಿಯ ಮಟ್ಟ. ತಾನಾಗಿ ಏರಿಳಿಸುವ ವ್ಯವಸ್ಥೆಯನ್ನು ನಿಲ್ಲಿಸಿ, ಗಟ್ಟಿಯಾದ ಮಾತಿಗೆ ಅಳತೆಯ ಗೆರೆ ಶೂನ್ಯಕ್ಕಿಂತ 12 ಡೆಸಿಬೆಲ್ ಕೆಳಗಿನ ಗುರುತಿನವರೆಗೆ ಏರುವಂತೆ ಹೊಂದಿಸಬೇಕು. ಶೂನ್ಯವನ್ನು ಮುಟ್ಟಿ ಒಡೆದ ಧ್ವನಿಯನ್ನು ಪೂರ್ತಿಯಾಗಿ ಮೊದಲಿನಂತೆ ಮಾಡಲು ಬರುವುದಿಲ್ಲ. ಮೂರು, ಗಾಳಿ. ಆಗುಂಬೆಯ ಘಟ್ಟದ ಮೇಲಾಗಲಿ, ಗದಗಿನ ಬಯಲಿನಲ್ಲಾಗಲಿ ಬರಿಯ ಫೋಮ್ ಟೊಪ್ಪಿಗೆ ಸಾಲದು. ರೋಮದಂಥ ಎಳೆಗಳ ದಪ್ಪ ಹೊದಿಕೆಯನ್ನು ತೊಡಿಸಿದಾಗ ಮಾತ್ರ ಗಾಳಿಯ ರಭಸ ಅದರಲ್ಲೇ ಮುರಿದು ಬೀಳುತ್ತದೆ.

ಮನೆಯೊಳಗೆ ಫ್ಯಾನು ಆರಿಸುವುದು ಎಲ್ಲರಿಗೂ ಹೊಳೆಯುತ್ತದೆ. ಫ್ರಿಜ್ಜಿನ ನೆನಪು ಬರುವುದು ಸಂಕಲನದ ವೇಳೆಗೆ. ಅದನ್ನು ಆರಿಸಿ ಮತ್ತೆ ಹಾಕಲು ಮರೆತರೆ ಮನೆಯವರ ಹಾಲು ಮೊಸರು ಕೆಡುವುದರಿಂದ, ಅನುಭವಿಗಳು ತಮ್ಮ ವಾಹನದ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಡುತ್ತಾರೆ. ಅದನ್ನು ತೆರೆಯದೆ ಹೊರಡುವುದು ಸಾಧ್ಯವಿಲ್ಲವಷ್ಟೆ. ಮಾತುಕತೆ ಮುಗಿದ ಮೇಲೆ ಎಲ್ಲರೂ ಅರ್ಧ ನಿಮಿಷ ಸುಮ್ಮನಿದ್ದು ಆ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಸಂಕಲನದಲ್ಲಿ ಕತ್ತರಿಸಿದ ಎಡೆಗಳಿಗೆ ಅದೇ ತೇಪೆಯಾಗುತ್ತದೆ.

ಇವೆಲ್ಲಕ್ಕೂ ಹಣವೆಲ್ಲಿ ಎನ್ನುವವರಿಗೂ ದಾರಿಯಿದೆ. ಮನೆಯಲ್ಲಿ ಎರಡನೆಯ ಮೊಬೈಲೊಂದಿದ್ದರೆ, ಕರೆಗಳು ಬಾರದಂತೆ ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಧ್ವನಿಮುದ್ರಣದ ಆ್ಯಪನ್ನು ಚಾಲೂ ಮಾಡಿ, ಮೈಕಿನ ರಂಧ್ರವಿರುವ ತುದಿ ಮೇಲಾಗುವಂತೆ ಮಾತಾಡುವವರ ಅಂಗಿಯ ಜೇಬಿನಲ್ಲಿರಿಸಿದರೆ, ದೂರದಲ್ಲಿರುವ ದುಬಾರಿ ಮೈಕಿಗಿಂತ ಅದು ಮೇಲಾದ ಧ್ವನಿಯನ್ನು ಕೊಡುತ್ತದೆ. ಹೊಸ ಕ್ಯಾಮರಾಕ್ಕೆಂದು ಹಣ ಕೂಡಿಟ್ಟವರು ಅದರಲ್ಲೊಂದು ಪಾಲನ್ನು ಒಂದು ಕಾಲರ್ ಮೈಕಿಗೂ ಒಂದು ಹೆಡ್‌ಫೋನಿಗೂ ತೆಗೆದಿರಿಸುವುದು ಉಚಿತ. ಕ್ಯಾಮರಾ ನಾಲ್ಕಾರು ವರ್ಷಗಳಲ್ಲಿ ಹಳತಾದರೂ ಒಳ್ಳೆಯ ಮೈಕು ಅಷ್ಟು ಬೇಗ ಹಳತಾಗುವುದಿಲ್ಲ. ಎರಡಕ್ಕೂ ಅನುಕೂಲವಿಲ್ಲದವರು ಇದ್ದ ಮೊಬೈಲನ್ನೇ ಹಿಡಿದು ಮುಂದಕ್ಕೆ ನಡೆಯಲಿ. ಎಂಟು ಅಡಿಯಿಂದ ನಾಲ್ಕು ಅಡಿಗೆ ಬಂದರೆ ನೇರ ಧ್ವನಿಯ ತೀವ್ರತೆ ನಾಲ್ಕು ಪಟ್ಟು ಹೆಚ್ಚುತ್ತದೆ. ಅದಕ್ಕೆ ಯಾವ ಅಂಗಡಿಗೂ ಹಣ ತೆರಬೇಕಾಗಿಲ್ಲ.